ಒಲೌದಾ ಎಕ್ವಿಯಾನೊ: ಪರದೇಶದಲ್ಲಿ ವ್ಯಾಪಾರಮಾಡಿದ ಒಬ್ಬ ಗುಲಾಮನ ಚರಿತ್ರೆ



ಸಂತೆಯಿಂದ ಹಿಂದಿರುಗಿದ ಸಭೆಯವರ ಬಾಯಿಂದ ತೂಕದಲ್ಲಿ ಮೋಸವಾಯಿತು, ಲೆಕ್ಕದಲ್ಲಿ ಮೋಸವಾಯಿತು ಎಂಬ ದೂರನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ. ಕೂಲಿಗಾಗಿ ದೂರದ ಊರುಗಳಿಗೆ ಹೋಗಿಬಂದವರ ದೂರು ಇನ್ನೂ ಹೆಚ್ಚು. ಭಾಷೆ ಬಾರದು, ಬಂಧುಗಳಿಲ್ಲ, ಸಾಕ್ಷಿಹೇಳುವವರಿಲ್ಲ ಎಂದು ತಿಳಿದ ಕೂಡಲೇ ಕೂಲಿಯನ್ನು ಹಿಡಿದಿಡುವ ಧಣಿಗಳು ಎಲ್ಲಾ ಸೀಮೆಗಳಲ್ಲಿಯೂ ಇದ್ದಾರೆ. ಅಂಥ ಮೋಸಗಳನ್ನು ಇಪ್ಪತ್ತೈದು ವರುಷಗಳ ಕಾಲ ಅನುಭವಿಸಿ, ಇಂಥಲ್ಲಿ ಇಷ್ಟು ಹಣ ಹೋಯಿತೆಂದು ಬರೆದಿಟ್ಟ ಒಬ್ಬ ಕ್ರೈಸ್ತನ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇವೆ.

ಆತನ ಹೆಸರು ಒಲೌದಾ ಎಕ್ವಿಯಾನೊ. ಆತನು ಬರೆದ ಪುಸ್ತಕದ ಪ್ರಕಾರ, ಸುಮಾರು 1745ರಲ್ಲಿ ಪಶ್ಚಿಮ ಆಫ್ರಿಕದ ಇಗ್ಬೋ ಜನರ ಸೀಮೆಯಲ್ಲಿ ಹುಟ್ಟಿದನು. ಆತನ ದೀಕ್ಷಾಸ್ನಾನವನ್ನು ಬರೆದ ದಫ್ತರಿನಲ್ಲಿ ಹುಟ್ಟಿದ ಸ್ಥಳವು ಅಮೇರಿಕದ ಕ್ಯಾರೊಲೈನಾ ಎಂದಿರುವದರಿಂದ ಪಂಡಿತರಲ್ಲಿ ಈ ವಿಷಯವಾಗಿ ವಾದವುಂಟು. ನಾವು ಇಲ್ಲಿ ಆತನ ಪುಸ್ತಕವನ್ನೇ ಅನುಸರಿಸುತ್ತೇವೆ. ಹನ್ನೊಂದು ವರುಷದ ಹುಡುಗನಾಗಿದ್ದಾಗ, ತಂದೆತಾಯಿಗಳು ಹೊಲಕ್ಕೆ ಹೋಗಿದ್ದ ಸಮಯದಲ್ಲಿ ಕಳ್ಳರು ಮನೆಯ ಗೋಡೆಯನ್ನು ಹಾರಿಬಂದು ಅವನನ್ನೂ ಅವನ ತಂಗಿಯನ್ನೂ ಎತ್ತಿಕೊಂಡು ಹೋದರು. ತಂಗಿಯನ್ನು ಆತನು ಜೀವಮಾನದಲ್ಲಿ ಮತ್ತೆ ಪಡೆಯಲಿಲ್ಲ. ಕೈಯಿಂದ ಕೈಗೆ ಮಾರಲ್ಪಟ್ಟು, ಸಮುದ್ರವನ್ನು ದಾಟಿ, ಕಡೆಗೆ ಪಾಸ್ಕಲ್ ಎಂಬ ಇಂಗ್ಲಿಷ್ ನೌಕಾಸೈನ್ಯದ ಅಧಿಕಾರಿಯ ವಶವಾದನು. ಪಾಸ್ಕಲನು ಅವನಿಗೆ ಸ್ವೀಡನ್ ದೇಶದ ಒಬ್ಬ ಅರಸನ ಹೆಸರನ್ನು ತೆಗೆದು ಗುಸ್ತಾವಸ್ ವಾಸಾ ಎಂದು ಹೆಸರಿಟ್ಟನು. ಹುಡುಗನು ಬೇಡವೆಂದರೆ ಏಟು ಬಿತ್ತು.

ಯುದ್ಧದ ಹಡಗುಗಳಲ್ಲಿ ಸೇವೆಮಾಡುತ್ತಾ ಓದುಬರಹವನ್ನು ಕಲಿತ ಈ ಹುಡುಗನು 1759ನೇ ಫೆಬ್ರವರಿಯಲ್ಲಿ ಲಂಡನಿನ ವೆಸ್ಟ್‌ಮಿನ್‌ಸ್ಟರಿನಲ್ಲಿರುವ ಸೇಂಟ್ ಮಾರ್ಗರೆಟ್ ದೇವಾಲಯದಲ್ಲಿ ದೀಕ್ಷಾಸ್ನಾನವನ್ನು ಹೊಂದಿದನು. ಯುದ್ಧವು ಮುಗಿದರೆ ಧಣಿಯು ತನ್ನನ್ನು ಬಿಡುವನೆಂದು ನಂಬಿದ್ದನು. ಆದರೆ 1762ನೇ ಡಿಸೆಂಬರಿನಲ್ಲಿ ಹಡಗು ಥೇಮ್ಸ್ ನದಿಗೆ ಬಂದಾಗ ಪಾಸ್ಕಲನು ಅವನನ್ನು ಬಲವಂತದಿಂದ ದೋಣಿಗೆ ಹತ್ತಿಸಿ, ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹೊರಟಿದ್ದ ಡೋರನ್ ಎಂಬ ಕಪ್ತಾನನಿಗೆ ಮಾರಿಬಿಟ್ಟನು. ಇಷ್ಟು ವರುಷದ ಸಂಬಳವೂ ಯುದ್ಧದ ಬಹುಮಾನದ ಹಣವೂ ಧಣಿಯ ಚೀಲದಲ್ಲಿಯೇ ಉಳಿದವು. ಹೋಗುವಾಗ ಹುಡುಗನ ಕೋಟನ್ನು ಸಹ ಕಿತ್ತುಕೊಂಡನು. ತಾನು ದೀಕ್ಷಾಸ್ನಾನ ಹೊಂದಿದವನು, ತನ್ನನ್ನು ಮಾರಲು ಯಾರಿಗೂ ಹಕ್ಕಿಲ್ಲವೆಂದು ಎಕ್ವಿಯಾನೊ ವಾದಿಸಿದಾಗ, ಇವನು ಇಂಗ್ಲಿಷನ್ನು ಅತಿಯಾಗಿ ಆಡುತ್ತಾನೆಂದು ಹೊಸ ಕಪ್ತಾನನು ಗದರಿಸಿದನು. ಎಕ್ವಿಯಾನೊ ಅಡಗಿಸಿಟ್ಟುಕೊಂಡಿದ್ದ ಸುಮಾರು ಒಂಬತ್ತು ಗಿನಿ ಮಾತ್ರ ಉಳಿದಿದ್ದವು. ಒಬ್ಬ ನಾವಿಕನು ತಪ್ಪಿಸಿಕೊಳ್ಳಲು ದೋಣಿಯನ್ನು ತರಿಸಿಕೊಡುತ್ತೇನೆಂದು ಅವುಗಳಲ್ಲಿ ಒಂದನ್ನು ತೆಗೆದುಕೊಂಡನು. ಪಾಪ, ಹುಡುಗನು ರಾತ್ರಿಯೆಲ್ಲಾ ಕಾದನು. ದೋಣಿಯೂ ಬರಲಿಲ್ಲ, ಗಿನಿಯೂ ಬರಲಿಲ್ಲ.

1763ರಲ್ಲಿ ಮಾಂಟ್ಸೆರಾಟ್ ದ್ವೀಪದಲ್ಲಿ ರಾಬರ್ಟ್ ಕಿಂಗ್ ಎಂಬ ವರ್ತಕನು ಆತನನ್ನು ಕೊಂಡನು. ಈ ಕಿಂಗನು ಕ್ವೇಕರ್ ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದವನು. ಗುಲಾಮರನ್ನು ಹಸಿವೆಯಿಂದ ಸಾಯಿಸುವವನಲ್ಲ, ಆದರೂ ಗುಲಾಮರನ್ನು ಇಟ್ಟುಕೊಂಡವನೇ. ಎಕ್ವಿಯಾನೊ ಲೆಕ್ಕ ಬರೆಯುವದು, ಪೀಪಾಯಿಗಳನ್ನು ಅಳೆಯುವದು, ಹಡಗಿಗೆ ಸರಕನ್ನು ತುಂಬುವದು ಮುಂತಾದ ಕೆಲಸಗಳನ್ನು ಮಾಡುತ್ತಾ, ಫಾರ್ಮರ್ ಎಂಬ ಕಪ್ತಾನನ ಚಿಕ್ಕ ಹಡಗಿನಲ್ಲಿ ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಿದ್ದನು. ಅಲ್ಲಿ ಆತನ ಸ್ವಂತ ವ್ಯಾಪಾರವು ಮೂರು ಪೆನ್ನಿಗಳಿಂದ ಆರಂಭವಾಯಿತು. ಡಚ್ಚರ ಸೇಂಟ್ ಯುಸ್ಟೇಷಿಯಸ್ ದ್ವೀಪದಲ್ಲಿ ಆ ಹಣಕ್ಕೆ ಒಂದು ಗಾಜಿನ ಲೋಟವನ್ನು ಕೊಂಡು ಮಾಂಟ್ಸೆರಾಟಿನಲ್ಲಿ ಆರು ಪೆನ್ನಿಗೆ ಮಾರಿದನು. ಆರು ಪೆನ್ನಿಗೆ ಅಲ್ಲಿ ಒಂದು ಬಿಟ್ ಎಂದು ಹೆಸರು. ಮುಂದಿನ ಸಾರಿ ಎರಡು ಲೋಟ, ಅದರ ಮುಂದಿನ ಸಾರಿ ನಾಲ್ಕು ಲೋಟ. ಆಮೇಲೆ ಎರಡು ಲೋಟಗಳನ್ನೂ ಒಂದು ಜಾಡಿ ಜಿನ್ ಎಂಬ ಮದ್ಯವನ್ನೂ ತಂದನು. (ಮದ್ಯದ ವ್ಯಾಪಾರವನ್ನು ನಾವು ಹೊಗಳುವದಿಲ್ಲ, ನಡೆದದ್ದನ್ನು ಹೇಳುತ್ತೇವೆ.) ಒಂದೂವರೆ ತಿಂಗಳೊಳಗೆ ಕೈಯಲ್ಲಿ ಒಂದು ಡಾಲರು ನಿಂತಿತು.

ಆ ದ್ವೀಪಗಳಲ್ಲಿ ಕಪ್ಪುವರ್ಣದವನು ಸ್ವತಂತ್ರನಾದರೂ ಗುಲಾಮನಾದರೂ ಬಿಳಿಯನಿಗೆ ವಿರೋಧವಾಗಿ ನ್ಯಾಯಸ್ಥಾನದಲ್ಲಿ ಸಾಕ್ಷಿ ಹೇಳುವ ಹಾಗಿರಲಿಲ್ಲ. ಮುಂದಿನ ಮೋಸಗಳೆಲ್ಲಕ್ಕೂ ಬೇರು ಇದೇ. ಸಾಲಗಾರನು ಕೊಡುವದಿಲ್ಲವೆಂದರೆ ಸಾಲವೇ ಇಲ್ಲದ ಹಾಗಾಯಿತು. ಇದನ್ನು ಅರಿತವರು ಸರಕನ್ನು ನಗುಮುಖದಿಂದ ಕೊಂಡು, ಹಣ ಕೇಳಿದಾಗ ಚಾವಟಿಯನ್ನು ತೋರಿಸುತ್ತಿದ್ದರು. ಹೀಗೆ ಮಾಡಿದವರಲ್ಲಿ ಹೆಚ್ಚಿನವರು ಕ್ರಿಸ್ತನ ಹೆಸರನ್ನು ಹೊತ್ತವರು. ಬೇರೆಯವರು ಹೇಳಿ ನಾಚಿಸುವದಕ್ಕಿಂತ ಮುಂಚೆ ನಾವೇ ಒಪ್ಪಿಕೊಳ್ಳುವದು ಲೇಸೆಂದು ಇದನ್ನು ಬರೆಯುತ್ತೇವೆ.

ಒಂದು ಸಾರಿ ಡೇನರ ಅಧೀನದಲ್ಲಿದ್ದ ಸಾಂತಾ ಕ್ರೂಸ್ ದ್ವೀಪಕ್ಕೆ ಹೋದಾಗ ಎಕ್ವಿಯಾನೊನ ಬಳಿ ಎರಡು ಚೀಲ ಹಣ್ಣುಗಳೂ, ಜೊತೆಯಲ್ಲಿದ್ದ ಒಬ್ಬ ವೃದ್ಧ ಗುಲಾಮನ ಬಳಿ ಒಂದು ಚೀಲವೂ ಇದ್ದವು, ನಿಂಬೇಹಣ್ಣು, ಕಿತ್ತಳೆಹಣ್ಣು. ದಡಕ್ಕೆ ಇಳಿಯುತ್ತಲೇ ಇಬ್ಬರು ಬಿಳಿಯರು ಮೂರು ಚೀಲಗಳನ್ನೂ ಕಸುಕೊಂಡರು. ಇವರು ಅವರ ಮನೆಯ ತನಕ ಹಿಂಬಾಲಿಸಿ ಬೇಡಿಕೊಂಡರೆ, ಹೋಗದಿದ್ದರೆ ಹೊಡೆಯುವೆವೆಂದರು. ಕೋಟೆಯ ಅಧಿಕಾರಿಯ ಬಳಿಗೆ ಹೋಗಿ ದೂರುಕೊಟ್ಟರೆ ಅವನು ಕುದುರೆಯ ಚಾವಟಿಯನ್ನು ಎತ್ತಿಕೊಂಡನು. ಪುನಃ ಆ ಮನೆಗೇ ಬಂದು ಬಹಳ ಹೊತ್ತು ಅಂಗಲಾಚಿದ ಮೇಲೆ, ಅಲ್ಲಿದ್ದ ಬೇರೆ ಕೆಲವರ ಮಾತಿನಿಂದ ಎರಡು ಚೀಲಗಳು ಹಿಂದಕ್ಕೆ ಬಂದವು. ಅವು ಎಕ್ವಿಯಾನೊನವು. ಮುದುಕನ ಚೀಲವು ಹೋಯಿತು; ಅವನಿಗೆ ಲೋಕದಲ್ಲಿದ್ದ ಆಸ್ತಿ ಅದೊಂದೇ. ಅವನು ಕೈಹಿಸುಕಿಕೊಂಡು ಅತ್ತು ಮೇಲಕ್ಕೆ ನೋಡಿದನಂತೆ. ಎಕ್ವಿಯಾನೊ ತನ್ನ ಹಣ್ಣುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲನ್ನು ಅವನಿಗೆ ಕೊಟ್ಟನು. ಸಂತೆಯಲ್ಲಿ ಆ ದಿನ ಹಣ್ಣಿಗೆ ಒಳ್ಳೇ ಬೆಲೆ ಬಂದು, ಉಳಿದ ಹಣ್ಣಿಗೇ ಆತನಿಗೆ ಸುಮಾರು 37 ಬಿಟ್ ದೊರಕಿತು.

ಇನ್ನೊಂದು ಸಂಗತಿಯನ್ನು ಮರೆಮಾಡದೆ ಹೇಳಬೇಕು. 1766ರಲ್ಲಿ ಅಮೇರಿಕದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ ಒಬ್ಬ ದೊಡ್ಡ ಮನುಷ್ಯನು ಆತನಿಂದ ಒಂದು ಪೀಪಾಯಿ ರಮ್ ಎಂಬ ಮದ್ಯವನ್ನು ಕೊಂಡು ಹಣಕೊಡದೆ ಹೋದನು. ಭಾನುವಾರ ದೇವಾರಾಧನೆಗೆ ಹೋಗಲು ಮನಸ್ಸಿದ್ದರೂ, ಆ ದಿನವೇ ಆಳುಗಳನ್ನು ಕರೆದು ದೋಣಿಯಲ್ಲಿ ಹೊಳೆದಾಟಿ ಅವನನ್ನು ಹುಡುಕಬೇಕಾಯಿತು. ಕಪ್ತಾನನೂ ಸೇರಿ ಬೇಡಿಕೊಂಡ ಮೇಲೆ ಅವನು ಡಾಲರುಗಳನ್ನು ಎಣಿಸಿಕೊಟ್ಟನು. ಅವುಗಳಲ್ಲಿ ಕೆಲವು ಬರೇ ತಾಮ್ರ. ಬೇಕಾದರೆ ತಕ್ಕೋ, ಬೇಡವಾದರೆ ಬಿಡು ಎಂಬ ಹಾಗೆ. ಆಗ ಎಕ್ವಿಯಾನೊ ಏನು ಮಾಡಿದನು? ಆ ಖೋಟಾ ನಾಣ್ಯಗಳನ್ನು ಸಂತೆಯಲ್ಲಿ ಬೇರೆಯವರಿಗೆ ದಾಟಿಸಲು ನೋಡಿದನು. ಮೋಸಹೋದವನ ಕೈಯೂ ಹೀಗೆ ಮೋಸಕ್ಕೆ ನೀಡುವದುಂಟು. ಹರಿದ ನೋಟನ್ನು ಮಡಿಸಿ ಕತ್ತಲಲ್ಲಿ ದಾಟಿಸುವವರು ನಮ್ಮ ಸಭೆಗಳಲ್ಲಿಯೂ ಇಲ್ಲವೆಂದು ಹೇಳಲಾರೆವು. ಅಲ್ಲಿಯವರು ಆತನನ್ನು ಹಿಡಿದು, ಕೊಟ್ಟವನನ್ನು ತೋರಿಸಿದರೂ ಕೇಳದೆ, ಕಟ್ಟಿ ಹೊಡೆಯುವದಕ್ಕೆ ಸಿದ್ಧರಾದರು. ಕಾಲುಗಳು ಚುರುಕಾಗಿದ್ದದರಿಂದ ಓಡಿ ಉಳಿದನು.

ಕಿಂಗನು ತಾನು ಕೊಟ್ಟ ಬೆಲೆಯಾದ 40 ಪೌಂಡುಗಳನ್ನು ತಂದರೆ ಬಿಡುತ್ತೇನೆಂದು ಮುಂಚೆ ಹೇಳಿದ್ದನು. ಆ ಹಣ ಕೂಡಿಬರುವ ಹೊತ್ತಿಗೆ ಇನ್ನೊಬ್ಬ ಮೋಸಗಾರನು ಬಂದನು. ಜಾರ್ಜಿಯಾದಲ್ಲಿ ಒಬ್ಬ ಅಕ್ಕಸಾಲಿಗನು ತಾನು ಬಹಳ ಐಶ್ವರ್ಯವಂತನೆಂದು ಕಪ್ತಾನನನ್ನು ನಂಬಿಸಿದನು. ಅವನ ಆಸ್ತಿಯು ಕೈಗೆ ಬಂದಾಗ ಹತ್ತು ಪೌಂಡು ಕೊಡುವೆನೆಂದು ಕಪ್ತಾನನು ಹೇಳಿ, ರೋಗದಲ್ಲಿ ಬಿದ್ದ ಆ ಮನುಷ್ಯನನ್ನು ನೋಡಿಕೊಳ್ಳಲು ಕರೆದನು. ಎಕ್ವಿಯಾನೊ ಅವನಿಗೆ ರಾತ್ರಿಗಳಲ್ಲಿ ಉಪಚಾರಮಾಡಿದನು. ಬಿಡುಗಡೆಯ ದಿನಕ್ಕೆಂದು ಎಂಟು ಪೌಂಡಿಗಿಂತ ಹೆಚ್ಚು ಖರ್ಚುಮಾಡಿ ಒಳ್ಳೇ ಬಟ್ಟೆಗಳನ್ನೂ ಕೊಂಡನು. ಅಕ್ಕಸಾಲಿಗನು ಸತ್ತ ಮೇಲೆ ಪೆಟ್ಟಿಗೆಯನ್ನು ತೆರೆದರೆ ಅದರೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು. ಕಡೆಗೆ ಒಂದೂವರೆ ಡಾಲರು. ಶವದ ಪೆಟ್ಟಿಗೆಗೂ ಸಾಲದು.

ಹೀಗಿದ್ದರೂ 1766ನೇ ಜುಲೈಯಲ್ಲಿ ಎಕ್ವಿಯಾನೊ 40 ಪೌಂಡುಗಳನ್ನು ಧಣಿಯ ಮುಂದೆ ಎಣಿಸಿಟ್ಟನು. ಇಷ್ಟು ಬೇಗ ತರುವನೆಂದು ತಿಳಿದಿದ್ದರೆ ಮಾತುಕೊಡುತ್ತಿರಲಿಲ್ಲವೆಂದು ಕಿಂಗನು ಹಿಂಜರಿದನು, ಹತ್ತಿರದಲ್ಲಿದ್ದ ಫಾರ್ಮರನು ಕೊಟ್ಟ ಮಾತನ್ನು ನೆನಪಿಸಿದನು, ಕಿಂಗನು ಒಪ್ಪಿದನು. ಬಿಡುಗಡೆಯ ಪತ್ರವನ್ನು ಬರೆಯುವ ದಫ್ತರದ ಗುಮಾಸ್ತನು ಸಂತೋಷಪಟ್ಟು ಅರ್ಧ ಕೂಲಿಯನ್ನು ಮಾತ್ರ, ಎಂದರೆ ಒಂದು ಗಿನಿಯನ್ನು, ತೆಗೆದುಕೊಂಡನು. ಇಂಥವರೂ ಇದ್ದರು.

ಪತ್ರವು ಕೈಗೆ ಬಂದಿತು. ಆದರೆ ಸಾಕ್ಷಿಯ ಕಟ್ಟಳೆಯು ಬದಲಾಗಲಿಲ್ಲ. 1771ರಲ್ಲಿ ಹಡಗಿನ ಕೆಲಸಕ್ಕೆ ಸೇರಿ ಗ್ರೆನಡಾ ದ್ವೀಪಕ್ಕೆ ಹೋದಾಗ, ಒಬ್ಬನು ಸರಕನ್ನು ಕೊಂಡು ಹಣಕ್ಕೆ ಬದಲಾಗಿ ಬೆದರಿಕೆಯನ್ನು ಕೊಟ್ಟನು, ನ್ಯಾಯಾಧಿಪತಿಯು ಕೈಚೆಲ್ಲಿದನು. ಆ ಮನುಷ್ಯನು ಮೂವರು ಬಿಳಿಯ ನಾವಿಕರಿಗೂ ಸಾಲಗಾರನಾಗಿದ್ದದರಿಂದ ಎಲ್ಲರೂ ಸೇರಿ ಅವನನ್ನು ಮನೆಯಿಂದ ಎಳೆದು ಬಟ್ಟೆಗಳನ್ನೆಲ್ಲಾ ಕಿತ್ತು ಬಿಟ್ಟರು. ಈ ಕೃತ್ಯವನ್ನು ಎಕ್ವಿಯಾನೊ ನಗುತ್ತಲೇ ಬರೆದಿದ್ದಾನೆ; ನಾವು ಓದಿ ನಕ್ಕದ್ದು ನಿಜ, ಒಪ್ಪಲಾರೆವು. ಮರುವರುಷ ಜಮೇಕಾದಲ್ಲಿ ಒಬ್ಬ ಗೌರವಸ್ಥನು 25 ಪೌಂಡಿನ ಸರಕಿಗೆ ಒಂದು ಕಾಸೂ ಕೊಡದೆ, ಇವನು ನನ್ನ ಮನೆಗೆ ಬೆಂಕಿಯಿಡಲು ಬಂದಿದ್ದಾನೆಂದು ಸುಳ್ಳು ಹೊರಿಸಿದನು.

ಹಣದ ಮೋಸಗಳಿಗಿಂತ ಆತನ ಹೃದಯವನ್ನು ಹೆಚ್ಚು ಕೊಯ್ದದ್ದು 1774ರಲ್ಲಿ ಲಂಡನಿನಲ್ಲಿ ನಡೆದದ್ದು. ಈಸ್ಟರ್ ಸೋಮವಾರದಲ್ಲಿ ಜಾನ್ ಆನಿಸ್ ಎಂಬ ಕಪ್ಪುವರ್ಣದ ಅಡಿಗೆಯವನನ್ನು ಅವನ ಹಳೇ ಧಣಿಯು ಎರಡು ದೋಣಿಗಳಲ್ಲಿ ಆರು ಮಂದಿಯೊಡನೆ ಬಂದು ಹಡಗಿನಿಂದ ಹೊತ್ತುಕೊಂಡು ಹೋದನು. ಅವನನ್ನು ಆ ಹಡಗಿನ ಕೆಲಸಕ್ಕೆ ಶಿಫಾರಸು ಮಾಡಿದವನು ಎಕ್ವಿಯಾನೊನೇ. ಗುಲಾಮರ ಪಕ್ಷವನ್ನು ಹಿಡಿದಿದ್ದ ಗ್ರ್ಯಾನ್ವಿಲ್ ಶಾರ್ಪ್ ಎಂಬ ಧರ್ಮಿಷ್ಠನ ಬುದ್ಧಿಯನ್ನು ಕೇಳಿ, ವಕೀಲನನ್ನು ನೇಮಿಸಿ, ಗುರುತು ಸಿಕ್ಕದ ಹಾಗೆ ಮುಖಕ್ಕೆ ಬಿಳಿ ಹಚ್ಚಿಕೊಂಡು ಹೋಗಿ ಆ ಧಣಿಯ ಮೇಲೆ ನ್ಯಾಯಸ್ಥಾನದ ಆಜ್ಞೆಯನ್ನು ಜಾರಿಮಾಡಿಸಿದನು. ಆದರೆ ವಕೀಲನು ಹಣವನ್ನು ತಿಂದು ಕೆಲಸವನ್ನು ಕೆಡಿಸಿದನು. ಆನಿಸನನ್ನು ಸೇಂಟ್ ಕಿಟ್ಸ್ ದ್ವೀಪಕ್ಕೆ ಒಯ್ದು, ಕೈಕಾಲುಗಳನ್ನು ಗೂಟಗಳಿಗೆ ಕಟ್ಟಿ ಹೊಡೆದರು; ಅವನು ದಾಸತ್ವದಲ್ಲಿಯೇ ಸತ್ತನು. ಎಕ್ವಿಯಾನೊ ಸಾಯುವದೇ ಮೇಲೆಂದು ನೆನಸುವಷ್ಟು ಕುಗ್ಗಿದನು. ಆ ವರುಷದ ಅಕ್ಟೋಬರ್ 6ರಂದು ಸ್ಪೇನಿನ ಕಾದಿಸ್ ರೇವಿನಲ್ಲಿ ಹಡಗಿನೊಳಗೆ ಅಪೊಸ್ತಲರ ಕೃತ್ಯಗಳ ನಾಲ್ಕನೆಯ ಅಧ್ಯಾಯದ ಹನ್ನೆರಡನೆಯ ವಚನವನ್ನು ಧ್ಯಾನಿಸುತ್ತಿದ್ದಾಗ, ಬಾಲ್ಯದಲ್ಲಿ ನೀರಿನಿಂದ ಹೊಂದಿದ ದೀಕ್ಷೆಯ ಅರ್ಥವು ಆತನಿಗೆ ಹೃದಯದಲ್ಲಿ ತಿಳಿಯಬಂದಿತು.

ಆದರೂ ಮಾನಸಾಂತರವು ಒಂದೇ ದಿನದಲ್ಲಿ ಎಲ್ಲಾ ಕಣ್ಣುಗಳನ್ನು ತೆರೆಯುವದಿಲ್ಲ. 1776ರಲ್ಲಿ ಡಾಕ್ಟರ್ ಇರ್ವಿಂಗ್ ಎಂಬವನು ಮಧ್ಯ ಅಮೇರಿಕದ ಕರಾವಳಿಯಲ್ಲಿ ತೋಟಮಾಡಲು ಹೊರಟಾಗ ಎಕ್ವಿಯಾನೊ ಅವನ ಜೊತೆಗೆ ಹೋಗಿ, ಜಮೇಕಾದಲ್ಲಿ ಆ ತೋಟಕ್ಕೆ ಗುಲಾಮರನ್ನು ತಾನೇ ಆರಿಸಿ ಕೊಂಡನು. ಎಲ್ಲರೂ ತನ್ನ ಸ್ವದೇಶದವರು. ಅವರನ್ನು ದಯೆಯಿಂದ ನಡಿಸಿದ್ದು ನಿಜ. ಆತನು ಬಿಟ್ಟುಹೋದ ಮೇಲೆ ಬಂದ ಮೇಲ್ವಿಚಾರಕನ ಹೊಡೆತವನ್ನು ತಾಳಲಾರದೆ ಅವರು ದೋಣಿಯಲ್ಲಿ ಓಡಿಹೋಗುವಾಗ ಎಲ್ಲರೂ ಮುಳುಗಿ ಸತ್ತರು. ಅಲ್ಲಿಂದ ಹಿಂದಿರುಗುವ ದಾರಿಯಲ್ಲಿ ಬೇಕರ್ ಎಂಬ ಕಪ್ತಾನನು ಆತನಿಂದ ಬಹು ಕಷ್ಟದ ಕೆಲಸವನ್ನು ಮಾಡಿಸಿಕೊಂಡು 8 ಪೌಂಡು 5 ಶಿಲ್ಲಿಂಗು ಕೂಲಿಯನ್ನು ಕೊಡದೆಹೋದನು. ಕಿಂಗ್‌ಸ್ಟನ್ ಪಟ್ಟಣದಲ್ಲಿದ್ದ ಒಂಬತ್ತು ಮಂದಿ ಮ್ಯಾಜಿಸ್ಟ್ರೇಟರ ಬಾಗಿಲುಗಳನ್ನೂ ತಟ್ಟಿದನು. ಬಿಳಿಯನಿಗೆ ವಿರೋಧವಾಗಿ ಆತನ ಪ್ರಮಾಣವನ್ನು ಅಂಗೀಕರಿಸಲಾಗದೆಂದು ಒಂಬತ್ತು ಮಂದಿಯೂ ಕಳುಹಿಸಿಬಿಟ್ಟರು.

ಹತ್ತು ವರುಷಗಳ ಮೇಲೆ ತಕ್ಕಡಿಯು ಆತನ ಕೈಗೇ ಬಂದಿತು. ಲಂಡನಿನಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದ ಕಪ್ಪುವರ್ಣದ ಬಡವರನ್ನು ಆಫ್ರಿಕದ ಸಿಯೆರಾ ಲಿಯೋನಿಗೆ ಕಳುಹಿಸಲು ಸರಕಾರವು ಏರ್ಪಾಡುಮಾಡಿ, 1786ನೇ ನವಂಬರಿನಲ್ಲಿ ಎಕ್ವಿಯಾನೊನನ್ನು ಸಾಮಾನುಗಳ ಉಗ್ರಾಣಾಧಿಕಾರಿಯಾಗಿ ನೇಮಿಸಿತು. ಬಟ್ಟೆಬರೆಗಳನ್ನು 750 ಜನರಿಗೆ ಒದಗಿಸುವಂತೆ ಅಪ್ಪಣೆಯಾಗಿತ್ತು; ಕೂಡಿಬಂದವರು 426 ಮಂದಿ. ಉಳಿದ ಸಾಮಾನನ್ನು ಅರಸನ ಉಗ್ರಾಣಕ್ಕೆ ಹಿಂದಿರುಗಿಸಲು ಹೇಳಿದಾಗ ಗುತ್ತಿಗೆಯ ಏಜೆಂಟನನ್ನು ಕೇಳಿದನು. ಸಾಮಾನು ಎಲ್ಲಿತ್ತು? ಕೊಂಡೇ ಇರಲಿಲ್ಲ, ಸರಕಾರದ ಹಣವು ಮಾತ್ರ ಸಂದಾಯವಾಗಿತ್ತು. ಜನರೋ ಹಾಸಿಗೆಯಿಲ್ಲದೆ, ಸಾಕಷ್ಟು ಬಟ್ಟೆಯಿಲ್ಲದೆ ಚಳಿಗಾಲದಲ್ಲಿ ಹಡಗುಗಳಲ್ಲಿ ನರಳುತ್ತಿದ್ದರು. ಹೊರಡುವ ಮೊದಲೇ ಅನೇಕರು ಸತ್ತರು. ಸುಮ್ಮನಿದ್ದರೆ ಎಕ್ವಿಯಾನೊನ ಉದ್ಯೋಗವೂ ಉಳಿಯುತ್ತಿತ್ತು, ಪಾಲೂ ದೊರೆಯುತ್ತಿತ್ತೋ ಏನೋ. ಆತನು ಸರಕಾರಕ್ಕೆ ತಿಳಿಸಿದನು. ಜೊತೆಗಿದ್ದ ಯುದ್ಧದ ಹಡಗಿನ ಕಪ್ತಾನನಿಗೂ ತೋರಿಸಿದನು. ಇದರ ಫಲವಾಗಿ 1787ನೇ ಮಾರ್ಚಿಯಲ್ಲಿ ಎಕ್ವಿಯಾನೊನನ್ನೇ ಕೆಲಸದಿಂದ ತೆಗೆದರು. ಪತ್ರಿಕೆಗಳಲ್ಲಿ ಆತನ ಮೇಲೆಯೇ ದೂರುಗಳು ಬಂದವು. ಆತನು ಲೆಕ್ಕವನ್ನು ಬರೆದು ಖಜಾನೆಯ ಅಧಿಕಾರಿಗಳಿಗೆ ಅರ್ಜಿಕೊಟ್ಟನು. ಈ ಸಾರಿ ಆತನ ಮಾತನ್ನು ಅಂಗೀಕರಿಸಿದರು: 50 ಪೌಂಡುಗಳು ಸಂದವು.

ಎರಡು ವರುಷಗಳಾದ ಮೇಲೆ, 1789ರಲ್ಲಿ, ತನ್ನ ಜೀವಚರಿತ್ರೆಯನ್ನು ಎರಡು ಭಾಗಗಳಾಗಿ ಅಚ್ಚುಹಾಕಿಸಿದನು. ಕಸುಕೊಂಡ ಚೀಲ, ತಾಮ್ರದ ಡಾಲರು, ಕೊಡದ ಕೂಲಿ ಎಲ್ಲವೂ ಅದರಲ್ಲಿವೆ. ನ್ಯಾಯಸ್ಥಾನಗಳು ಬೇಡವೆಂದ ಸಾಕ್ಷಿಯನ್ನು ಇಂಗ್ಲೆಂಡಿನ ಜನರು ಹಣಕೊಟ್ಟು ಓದಿದರು. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳಲ್ಲಿ ಊರೂರು ತಿರುಗಿ ತಾನೇ ಮಾರಿದನು. ಹಕ್ಕನ್ನು ಯಾವ ವರ್ತಕನಿಗೂ ಬಿಟ್ಟುಕೊಡಲಿಲ್ಲ. 1794ರ ತನಕ ಒಂಬತ್ತು ಮುದ್ರಣಗಳಾದವು. ಬ್ರಿಟಿಷರು ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಲ್ಲಿಸಿದರು; ಅದನ್ನು ಕಾಣಲು ಆತನು ಬದುಕಿರಲಿಲ್ಲ.

1792ರಲ್ಲಿ ಸುಸನ್ನಾ ಕಲ್ಲೆನ್ ಎಂಬ ಇಂಗ್ಲಿಷ್ ಸ್ತ್ರೀಯನ್ನು ಮದುವೆಯಾದನು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಹೆಂಡತಿಯು 1796ರಲ್ಲಿಯೂ, ಆತನು 1797ನೇ ಮಾರ್ಚ್ 31ರಂದೂ, ಹಿರೇ ಮಗಳು ಅದೇ ವರುಷದ ಜುಲೈಯಲ್ಲಿಯೂ ತೀರಿಕೊಂಡರು. ಆತನ ಮರಣಪತ್ರದಲ್ಲಿ ಆಸ್ತಿಯೆಲ್ಲಾ ಮಕ್ಕಳಿಗೆಂದೂ, ಮಕ್ಕಳು 21 ವರುಷ ತುಂಬುವ ಮೊದಲೇ ಸತ್ತರೆ ಅರ್ಧ ಭಾಗವು ಸಿಯೆರಾ ಲಿಯೋನಿನ ಕಂಪೆನಿಗೂ ಅರ್ಧ ಭಾಗವು 1795ರಲ್ಲಿ ಲಂಡನಿನಲ್ಲಿ ಸ್ಥಾಪಿತವಾದ ಮಿಶನ್ ಸಂಘಕ್ಕೂ ಹೋಗಬೇಕೆಂದೂ ಬರೆದಿತ್ತು. 1810ರಲ್ಲಿ ಜಾನ್ ಹ್ಯಾಂಡ್ಸ್ ದೊರೆಯನ್ನು ನಮ್ಮ ಬಳ್ಳಾರಿಗೆ ಕಳುಹಿಸಿ, ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸುವ ಕೆಲಸಕ್ಕೆ ಕೈಹಾಕಿಸಿದ ಲಂಡನ್ ಮಿಶನ್ ಎಂಬದು ಈ ಸಂಘವೇ. ಆದರೆ ಆ ಪಾಲು ಸಂಘಕ್ಕೆ ಬರಲಿಲ್ಲ. ಕಿರೇ ಮಗಳು ಜೋಆನ್ನಾ ಬದುಕಿ, 1816ರಲ್ಲಿ 21 ವರುಷ ತುಂಬಿದಾಗ ತಂದೆಯು ಬಿಟ್ಟುಹೋದ 950 ಪೌಂಡುಗಳನ್ನು ಪಡೆದಳು.