ಫಲವನ್ನು ಬರೆದಿಟ್ಟ ವೈದ್ಯ

ಸರಕಾರದ ಬೊಕ್ಕಸದಲ್ಲಿ ಒಂದು ಕಾಸಿನ ವ್ಯತ್ಯಾಸವಾದರೂ ಲೆಕ್ಕ ಕೇಳುವವರುಂಟು. ಆದರೆ ಕಾಲು ಮುರಿದುಕೊಂಡು ಆಸ್ಪತ್ರೆಗೆ ಬಂದವನು ಮನೆಗೆ ಮರಳಿದ ಮೇಲೆ ನೆಟ್ಟಗೆ ನಡೆದನೋ, ಕುಂಟುತ್ತಲೇ ಉಳಿದನೋ ಎಂಬ ಲೆಕ್ಕವನ್ನು ಕೇಳುವವರು ವಿರಳ. ಈ ಲೆಕ್ಕವನ್ನು ಕೇಳಿದುದಕ್ಕಾಗಿಯೇ ಸ್ಥಾನಮಾನಗಳನ್ನು ಕಳೆದುಕೊಂಡವರು ಅಮೆರಿಕದ ಬೋಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಅಮೋರಿ ಕಾಡ್‌ಮನ್ನರು.

1869ರಲ್ಲಿ ಜನಿಸಿದ ಇವರು 1895ರಲ್ಲಿ ಹಾರ್ವರ್ಡ್ ವೈದ್ಯಶಾಲೆಯಿಂದ ಪದವೀಧರರಾದರು. ವಿದ್ಯಾರ್ಥಿದೆಸೆಯಲ್ಲಿಯೇ, ಸಹಪಾಠಿ ಹಾರ್ವೆ ಕುಶಿಂಗರೊಡನೆ, ಈಥರ್ ಕೊಟ್ಟ ರೋಗಿಯ ನಾಡಿಬಡಿತವನ್ನು ಶಸ್ತ್ರಚಿಕಿತ್ಸೆಯುದ್ದಕ್ಕೂ ಬರೆದಿಡುವ ಪದ್ಧತಿಯನ್ನು ಆರಂಭಿಸಿದ್ದರು. ಮುಂದೆ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿ, ಭುಜದ ಗಾಯಗಳಲ್ಲಿ ವಿಶೇಷ ಪರಿಶ್ರಮ ಮಾಡಿದರು.

ಅವರ ಯೋಜನೆ ಸರಳವಾದುದು. ಪ್ರತಿ ರೋಗಿಗೂ ಒಂದು ಕಾರ್ಡು. ಬೇನೆಯೇನು, ಮಾಡಿದ ಚಿಕಿತ್ಸೆಯೇನು, ವರ್ಷದ ಬಳಿಕ ಕಂಡ ಫಲವೇನು ಎಂಬುದನ್ನು ಅದರಲ್ಲಿ ಬರೆಯತಕ್ಕದ್ದು. ಫಲವು ಪೂರ್ಣವಾಗದಿದ್ದರೆ ಕಾರಣವನ್ನೂ ನಮೂದಿಸತಕ್ಕದ್ದು: ವೈದ್ಯನ ಅಜ್ಞಾನವೋ, ವಿವೇಚನೆಯ ದೋಷವೋ, ಸಲಕರಣೆಯ ಕೊರತೆಯೋ, ರೋಗಿಯು ಚಿಕಿತ್ಸೆಗೆ ಒಪ್ಪದಿದ್ದುದೋ? ಹಿರಿತನವನ್ನು ನೋಡಿ ಬಡತಿ ಕೊಡುತ್ತಿದ್ದ ಆಸ್ಪತ್ರೆಗೆ ಇದು ಒಗ್ಗಲಿಲ್ಲ. 1914ರಲ್ಲಿ ಅವರು ರಾಜೀನಾಮೆಯಿತ್ತರು. ಮರುವರ್ಷ ವೈದ್ಯರ ಸಭೆಯೊಂದರಲ್ಲಿ ದೊಡ್ಡ ವ್ಯಂಗ್ಯಚಿತ್ರವನ್ನು ತೆರೆದು ತೋರಿಸಿದರು. ಊರ ಧನಿಕರು ಮರಳಿನಲ್ಲಿ ತಲೆಹೂತ ಉಷ್ಟ್ರಪಕ್ಷಿಯಂತೆ ಕುರುಡಾಗಿದ್ದು, ವೈದ್ಯರತ್ತ ಹೊನ್ನಿನ ಮೊಟ್ಟೆಗಳನ್ನು ಒದೆಯುತ್ತಿರುವರೆಂಬುದು ಅದರ ಭಾವ. ಸಭೆ ಕೆರಳಿತು. ಅಧ್ಯಕ್ಷಸ್ಥಾನವೂ ಹಾರ್ವರ್ಡಿನ ಬೋಧಕಪದವಿಯೂ ಕೈಬಿಟ್ಟುಹೋದುವು.

ಪರರಿಗೆ ಹೇಳಿದುದನ್ನು ಕಾಡ್‌ಮನ್ನರು ತಾವೂ ಆಚರಿಸಿದರು. 1911ರಲ್ಲಿ ತೆರೆದ ತಮ್ಮ ಸ್ವಂತ ಚಿಕ್ಕ ಆಸ್ಪತ್ರೆಯಲ್ಲಿ 1916ರವರೆಗೆ ಚಿಕಿತ್ಸೆ ಪಡೆದ 337 ರೋಗಿಗಳ ವಿಷಯದಲ್ಲಿ 123 ತಪ್ಪುಗಳಾದುವೆಂದು ತಾವೇ ಅಚ್ಚುಹಾಕಿಸಿ ಪ್ರಕಟಿಸಿದರು. 1920ರಲ್ಲಿ ಎಲುಬಿನ ಕ್ಯಾನ್ಸರಿನ ನೋಂದಣಿಯನ್ನು ಸ್ಥಾಪಿಸಿ ದೇಶದ ಶಸ್ತ್ರವೈದ್ಯರಿಂದ ವಿವರಗಳನ್ನು ತರಿಸಿಕೊಂಡರು; 1934ರಲ್ಲಿ ಭುಜವನ್ನು ಕುರಿತ ಮಹಾಗ್ರಂಥವನ್ನು ಹೊರತಂದರು. 1940ರಲ್ಲಿ ತೀರಿಕೊಂಡಾಗ ಅವರ ಸಮಾಧಿಗೆ ಹೆಸರಿನ ಕಲ್ಲು ಕೂಡ ಇಡಲಾಗಲಿಲ್ಲ. ಅದು ಬಂದುದು 2014ರಲ್ಲಿ.

ಇಷ್ಟರೊಳಗೆ ಅವರ ವಿಚಾರವು ಲೋಕಸಮ್ಮತವಾಗಿತ್ತು. ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದಲ್ಲಿ 2011ರಲ್ಲಿ ಮೊದಲಾದ ಮೂಳೆಮುರಿತಗಳ ನೋಂದಣಿಯಲ್ಲಿ, ಮುರಿದ ಬಗೆಯನ್ನೂ ಮಾಡಿದ ಚಿಕಿತ್ಸೆಯನ್ನೂ ಬರೆದುಕೊಂಡು, ವರ್ಷದ ಬಳಿಕ ರೋಗಿಯನ್ನೇ ಕೇಳಿ ಫಲವನ್ನು ದಾಖಲೆ ಮಾಡುವರು. ಕಾಡ್‌ಮನ್ನರ ಕಾರ್ಡು ಕೇಳಿದುದೂ ಇದನ್ನೇ.

ಇಂತಹ ಪುಸ್ತಕವನ್ನು ತೆರೆಯಬಯಸುವ ಆಸ್ಪತ್ರೆಯ ಅಧಿಕಾರಿಗಳು ಕಾಗದ ಗುಮಾಸ್ತರನ್ನು ಒದಗಿಸಿಕೊಳ್ಳುವುದಕ್ಕೆ ಮುನ್ನ ಒಂದು ನಿಯಮವನ್ನು ಮಾಡಿಕೊಳ್ಳುವುದು ಲೇಸು. ತನ್ನ ತಪ್ಪನ್ನು ತಾನೇ ಬರೆದ ವೈದ್ಯನಿಗೆ ಅದರಿಂದ ಕೇಡಾಗಕೂಡದು. ಬರೆದವನನ್ನು ದಂಡಿಸುವ ಕಡೆಯಲ್ಲಿ ಪುಸ್ತಕವು ಬರಿದಾಗಿಯೇ ಉಳಿಯುವುದು. ಅದರ ನಷ್ಟವನ್ನು ತೆರುವವನು ಮುಂದೆ ಬರುವ ರೋಗಿ.