ಬರದ ನಾಡಿಗೆ ಕೆರೆ ಕಟ್ಟಿಸಿದ ಕಾಯಕಯೋಗಿ

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಹಳ್ಳಿಗಳಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರ, ತಿಪ್ಪಮ್ಮ ಎಂಬ ಹೆಸರಿನವರು ಇಲ್ಲದ ಊರು ವಿರಳ. ಈ ಹೆಸರುಗಳ ಮೂಲ ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿ. ವರ್ಷಕ್ಕೆ ಸರಾಸರಿ 500 ಮಿಲಿಮೀಟರ್ ಆಸುಪಾಸಿನಲ್ಲಷ್ಟೇ ಮಳೆ ಕಾಣುವ, ಅದೂ ಹೇಳಿದ ಕಾಲಕ್ಕೆ ಬಾರದ ಈ ಬಯಲುಸೀಮೆಯಲ್ಲಿ ಅವರು ಪೂಜೆಗೊಂಡಿದ್ದು ಪವಾಡಗಳಿಗಿಂತ ಹೆಚ್ಚಾಗಿ ಕೆರೆಗಳಿಂದ.

ಸ್ವಾಮಿಗಳ ಜನನ, ಬಾಲ್ಯದ ಬಗೆಗೆ ಜನಪದರ ನೆನಪೇ ಆಧಾರ. ಕೊಟ್ಟೂರಿನ ಕೊಟ್ಟೂರೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ ಮೊದಲಾದವರೊಡನೆ ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ಅವರನ್ನು ಗುರುತಿಸಲಾಗುತ್ತದೆ. ಲೋಕಸಂಚಾರ ಮಾಡುತ್ತ ಪಾಳೆಯಗಾರರ ಆಳ್ವಿಕೆಯಲ್ಲಿದ್ದ ಹಟ್ಟಿಗೆ ಬಂದ ಅವರು ಊರಮ್ಮನ ಗುಡಿಯಲ್ಲಿ ತಂಗಲು ಜಾಗ ಕೇಳಿ, ಅಲ್ಲಿಯೇ ನೆಲೆಯೂರಿದರೆಂಬುದು ಐತಿಹ್ಯ. ಆ ಸ್ಥಳವೇ ಇಂದಿನ ಒಳಮಠ.

ಬರದಿಂದ ಕಂಗೆಟ್ಟು ಗುಳೆ ಹೊರಡುತ್ತಿದ್ದ ಜನರಿಗೆ ಸ್ವಾಮಿಗಳು ತೋರಿದ ದಾರಿ ಕಾಯಕದ್ದು. ಸುತ್ತಮುತ್ತ ಐದು ಕೆರೆಗಳನ್ನು ಅವರು ಕಟ್ಟಿಸಿದರೆಂಬುದು ಪ್ರತೀತಿ. ದಿನವಿಡೀ ಮಣ್ಣು ಹೊತ್ತವರು ಸಂಜೆ ತಮ್ಮ ಪಾಲಿನ ಮರಳಿನ ಗುಡ್ಡೆಯನ್ನು ಸರಿಸಿದರೆ, ದುಡಿದಷ್ಟೇ ಕೂಲಿ ಅಡಿಯಲ್ಲಿ ದೊರೆಯುತ್ತಿತ್ತಂತೆ. ಮೈಗಳ್ಳರಿಗೆ ಕಡಿಮೆ, ಶ್ರಮಿಸಿದವರಿಗೆ ಹೆಚ್ಚು. ಪವಾಡದ ಹೊದಿಕೆ ತೆಗೆದು ನೋಡಿದರೆ ಇಲ್ಲಿರುವುದು ಅಳತೆಗೆ ತಕ್ಕ ಕೂಲಿಯ ಬರ ಪರಿಹಾರ ಕಾಮಗಾರಿ. ಹಸಿದವನಿಗೆ ಇಂದಿನ ಅನ್ನ, ಊರಿಗೆ ನಾಳೆಯ ನೀರು ಎರಡೂ ಒಂದೇ ಕೆಲಸದಿಂದ ಸಿದ್ಧಿಸಿದವು.

ಸರ್ಕಾರಗಳು ಇದೇ ಸೂತ್ರವನ್ನು ಹಿಡಿದದ್ದು ಬಹಳ ತಡವಾಗಿ. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು 10 ಲಕ್ಷ ಮಂದಿ ಅಸುನೀಗಿದರೆಂಬ ಅಂದಾಜಿದೆ. ಆ ಪೆಟ್ಟಿನ ನಂತರವೇ ಕ್ಷಾಮ ಪರಿಹಾರ ನಿಯಮಗಳು ರೂಪುಗೊಂಡವು. 1898ರಲ್ಲಿ ವೇದಾವತಿಗೆ ಅಡ್ಡಲಾಗಿ ಹಿರಿಯೂರು ಬಳಿ ಮಾರಿಕಣಿವೆ ಅಣೆಕಟ್ಟೆಯ ಕೆಲಸ ಆರಂಭವಾಯಿತು. 2005ರ ಉದ್ಯೋಗ ಖಾತರಿ ಕಾಯ್ದೆಯೂ ಕೂಲಿಯ ಜೊತೆಗೆ ಜಲಮೂಲ ಎಂಬ ತತ್ವವನ್ನೇ ಎತ್ತಿಹಿಡಿಯಿತು.

ಕೆರೆ ಕಟ್ಟುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಏರಿ, ತೂಬು, ಕೋಡಿ, ಕಾಲುವೆ ಈ ನಾಲ್ಕರಲ್ಲಿ ಒಂದು ಕೆಟ್ಟರೂ ಕೆರೆ ಕೆಟ್ಟಂತೆ. ಹಿಂದೆ ಊರವರೇ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ನೀರುಗಂಟಿ ಸರದಿಯಂತೆ ನೀರು ಹಂಚುತ್ತಿದ್ದ. ಕೊಳವೆಬಾವಿ ಬಂದ ಮೇಲೆ ಆ ಹೊಣೆ ಯಾರದೂ ಅಲ್ಲದಾಯಿತು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆ, ಚಿತ್ರದುರ್ಗವೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಬಳಕೆದಾರರ ಸಂಘಗಳಿಗೆ ಅದನ್ನು ಮರಳಿಸಲು ಯತ್ನಿಸಿತು.

ಬರ ಮಾತ್ರವಲ್ಲ, ಅತಿವೃಷ್ಟಿಯೂ ಈಗ ಈ ನೆಲದ ಅನುಭವ. 1933ರಲ್ಲಿ ತುಂಬಿ ಹರಿದಿದ್ದ ಮಾರಿಕಣಿವೆ, 89 ವರ್ಷಗಳ ತರುವಾಯ 2022ರಲ್ಲಿ ಮತ್ತೆ ಕೋಡಿ ಬಿದ್ದಿತು. ಒತ್ತುವರಿಯಾದ ಹಳ್ಳ, ಮುಚ್ಚಿಹೋದ ಕಾಲುವೆಗಳಿರುವ ಕಡೆ ಇಂತಹ ಮಳೆ ವರವಾಗುವ ಬದಲು ಶಾಪವಾಗುತ್ತದೆ. ಬರಗಾಲದಲ್ಲಿ ನೀರು ಹಿಡಿಯುವ ಕೆರೆಯೇ ಮಳೆಗಾಲದಲ್ಲಿ ನೆರೆಯನ್ನು ತಡೆಯಬೇಕಾದದ್ದು. ಭದ್ರಾ ಮೇಲ್ದಂಡೆ ಯೋಜನೆಯಡಿ ನೀರು ತುಂಬಿಸಬೇಕೆಂದಿರುವುದೂ ಈ ಭಾಗದ ಕೆರೆಗಳಿಗೇ.

ಸ್ವಾಮಿಗಳು ಹೊರಮಠದಲ್ಲಿ ಐಕ್ಯರಾದರು. ಪ್ರತಿ ವರ್ಷ ಫಾಲ್ಗುಣದ ಬಿಸಿಲಿನಲ್ಲಿ ನಡೆಯುವ ದೊಡ್ಡ ರಥೋತ್ಸವಕ್ಕೆ ಲಕ್ಷಾಂತರ ಭಕ್ತರು ಬಂದು ಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ಅದೇ ಭಕ್ತಿಯ ಒಂದು ಪಾಲು ಊರೂರಿನ ಕೆರೆಯ ಹೂಳಿನತ್ತ ಹರಿದರೆ, ಕಾಯಕಯೋಗಿಗೆ ಅದಕ್ಕಿಂತ ಮಿಗಿಲಾದ ಸೇವೆ ಬೇರಿಲ್ಲ.