ಕರುಣೆಯ ಕಥೆಗಾರ ಟೋಲ್ಕಿನ್

ಬೇಸಿಗೆ ಬೆಳೆಯ ಕೊಯ್ಲು ಮುಗಿದ ದಿನಗಳಲ್ಲಿ ನಾವು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಬಂಧುಗಳೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಭದ್ರಾ ನಾಲೆಯ ನೀರುಂಡು ಬೆಳೆದ ಭತ್ತ ಅಂಗಳಕ್ಕೆ ಬಂದಿತ್ತು. ಆದರೆ ಮನೆಯಲ್ಲಿ ಸಂತೋಷವಿರಲಿಲ್ಲ. ಹಿಂದೆ ಎರಡು ಬಾರಿ ಕಡ ಪಡೆದು ಹಿಂದಿರುಗಿಸದೆ ಹೋದ ಒಬ್ಬಾತನಿಗೆ ಮನೆಯ ಹಿರಿಯರು ಮೂರನೆಯ ಬಾರಿ ಬಿತ್ತನೆಯ ಭತ್ತ ಕೊಡಲು ಒಪ್ಪಿದ್ದರೆಂದು ಎಲ್ಲರೂ ಮುನಿದಿದ್ದರು. ಅದೇ ಸಂಜೆ ಮನೆಯ ಪ್ರೌಢಶಾಲೆಯ ಹುಡುಗ ಟಿ.ವಿ.ಯಲ್ಲಿ ಮಾಯಾ ಉಂಗುರದ ಚಲನಚಿತ್ರವನ್ನು ನೋಡುತ್ತಾ, ಆ ವಂಚಕ ಜೀವಿಯನ್ನು ಕೈಗೆ ಸಿಕ್ಕಾಗಲೇ ಏಕೆ ಕೊಲ್ಲಲಿಲ್ಲವೆಂದು ನಮ್ಮನ್ನು ಕೇಳಿದ. ಅಂಗಳದ ಮುನಿಸೂ ಹುಡುಗನ ಪ್ರಶ್ನೆಯೂ ಒಂದೇ ಬೇರಿನವೆಂದು ನಮಗೆ ತೋರಿತು. ಅರ್ಹನಲ್ಲದವನಿಗೆ ಮಾಡುವ ಸಹಾಯವು ಧರ್ಮವೋ, ದಡ್ಡತನವೋ?

ಆ ಕಥೆಯನ್ನು ಬರೆದ ಜಾನ್ ರೊನಾಲ್ಡ್ ರೂಯೆಲ್ ಟೋಲ್ಕಿನ್‌ರವರು ನಮ್ಮ ಧರ್ಮಸಭೆಯ ಮಗನೆಂಬುದು ಅನೇಕ ಕಥೋಲಿಕ ಕುಟುಂಬಗಳಿಗೆ ತಿಳಿಯದು. ಪರರ ಸಹಾಯವಿಲ್ಲದಿದ್ದರೆ ಅವರು ಬದುಕಿನಲ್ಲಿ ಮೇಲೆ ಬರುತ್ತಿರಲಿಲ್ಲವೆಂಬುದು ಇನ್ನೂ ಕಡಿಮೆ ಜನರಿಗೆ ಗೊತ್ತು.

ಅವರು ಹುಟ್ಟಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್ ನಗರದಲ್ಲಿ. ತಂದೆ ಅಲ್ಲಿ ಬ್ಯಾಂಕಿನ ಅಧಿಕಾರಿ. ತಾಯಿ ಮೇಬಲ್ ಇಬ್ಬರು ಪುಟ್ಟ ಗಂಡುಮಕ್ಕಳೊಡನೆ ಇಂಗ್ಲೆಂಡಿಗೆ ಬಂದಿದ್ದಾಗ, 1896ರಲ್ಲಿ, ತಂದೆ ಆಫ್ರಿಕದಲ್ಲಿಯೇ ತೀರಿಕೊಂಡರು. 1900ರಲ್ಲಿ ಮೇಬಲ್ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಅಲ್ಲಿಯವರೆಗೆ ಕೈಹಿಡಿದಿದ್ದ ಬಂಧುಗಳು ಮುನಿದು ಹಣದ ನೆರವನ್ನು ನಿಲ್ಲಿಸಿದರು. ಬಡತನದಲ್ಲಿ ಮಕ್ಕಳನ್ನು ಸಾಕಿ, ತಾವೇ ಪಾಠ ಹೇಳಿಕೊಟ್ಟ ಆ ತಾಯಿ 1904ರ ನವೆಂಬರಿನಲ್ಲಿ ಸಕ್ಕರೆ ಕಾಯಿಲೆಯಿಂದ ಮರಣ ಹೊಂದಿದರು. ಆಗ ಅವರಿಗೆ 34 ವರ್ಷ. ಇನ್ಸುಲಿನ್ ಔಷಧವು ಬಳಕೆಗೆ ಬರಲು ಇನ್ನೂ 17 ವರ್ಷಗಳು ಬೇಕಾಗಿದ್ದವು. ತಾಯಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರೆಂದು ಮಗ ಕೊನೆಯವರೆಗೂ ನಂಬಿದ್ದರು.

ಸಾಯುವ ಮುನ್ನ ಮೇಬಲ್ ಮಕ್ಕಳನ್ನು ಬರ್ಮಿಂಗ್‌ಹ್ಯಾಮಿನ ಒರೆಟರಿಯ ಗುರು ಫಾದರ್ ಫ್ರಾನ್ಸಿಸ್ ಮಾರ್ಗನ್‌ರವರ ಕೈಗೆ ಒಪ್ಪಿಸಿದ್ದರು. ಸಂತ ನ್ಯೂಮನ್‌ರವರು ಸ್ಥಾಪಿಸಿದ ಗುರುಮನೆಯದು. ಫಾದರ್ ಫ್ರಾನ್ಸಿಸ್ ದೊಡ್ಡ ಪಂಡಿತರಲ್ಲ, ಗಟ್ಟಿ ದನಿಯ, ನಗೆಮೊಗದ ಮನುಷ್ಯ. ತಾಯಿ ಬಿಟ್ಟುಹೋದ ಹಣ 800 ಪೌಂಡುಗಳಷ್ಟು. ಅದರ ಬಡ್ಡಿಯಲ್ಲಿ ಇಬ್ಬರು ಹುಡುಗರ ಊಟ, ಓದು ಸಾಗುವಂತಿರಲಿಲ್ಲ. ತಮ್ಮ ಮನೆತನದ ಮದ್ಯ ವ್ಯಾಪಾರದಿಂದ ಬರುತ್ತಿದ್ದ ಸ್ವಂತ ವರಮಾನದಿಂದ ಆ ಗುರುಗಳು ಕೊರತೆಯನ್ನು ಸದ್ದಿಲ್ಲದೆ ತುಂಬುತ್ತಾ ಬಂದರು. ಬೆಳಿಗ್ಗೆ ಹುಡುಗರು ಅವರ ಬಲಿಪೂಜೆಗೆ ಸೇವೆ ಮಾಡಿ, ಅಲ್ಲಿಯೇ ಉಪಾಹಾರ ಮುಗಿಸಿ ಶಾಲೆಗೆ ಹೋಗುತ್ತಿದ್ದರು.

ಇದೇ ಕಾಲದಲ್ಲಿ ಇನ್ನೊಂದು ಬಗೆಯ ಸಹಾಯವನ್ನೂ ಅವರು ಕಂಡರು. ಹುಡುಗರಿಗೆ ತಂಗಲು ಮನೆ ಕೊಟ್ಟ ಅತ್ತೆ ಹೊತ್ತಿಗೆ ಸರಿಯಾಗಿ ಊಟ ಹಾಕಿದರು, ಪ್ರೀತಿ ತೋರಲಿಲ್ಲ. ತಾಯಿಯ ಪತ್ರಗಳನ್ನು, ಕಾಗದಗಳನ್ನು ಮಕ್ಕಳು ಬಯಸಬಹುದೆಂಬ ಯೋಚನೆಯೂ ಬಾರದೆ ಒಲೆಗೆ ಹಾಕಿ ಸುಟ್ಟರು. ಕೆಡುಕಿನ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಆ ಬೂದಿಯನ್ನು ಕಂಡ ಹುಡುಗನಿಗೆ ಹನ್ನೆರಡು ದಾಟಿತ್ತು, ಅಷ್ಟೇ.

ಫಾದರ್ ಫ್ರಾನ್ಸಿಸ್‌ರವರ ಸಹಾಯವೂ ಸದಾ ಮೃದುವಾಗಿರಲಿಲ್ಲ. ತನ್ನಂತೆಯೇ ಅನಾಥಳಾಗಿದ್ದ ಈಡಿತ್ ಎಂಬ ಯುವತಿಯನ್ನು ಹುಡುಗ ಮೆಚ್ಚಿದಾಗ, ಓದು ಕೆಡುವುದೆಂದು ಹೆದರಿದ ಗುರುಗಳು ಇಪ್ಪತ್ತೊಂದು ತುಂಬುವವರೆಗೆ ಆಕೆಯನ್ನು ಕಾಣಬಾರದು, ಪತ್ರವನ್ನೂ ಬರೆಯಬಾರದು ಎಂದು ವಿಧಿಸಿದರು. ಟೋಲ್ಕಿನ್ ಸಂಕಟಪಟ್ಟರೂ ವಿಧೇಯರಾದರು. 1913ರಲ್ಲಿ ವಯಸ್ಸು ತುಂಬಿದೊಡನೆ ಆಕೆಗೆ ಪತ್ರ ಬರೆದರು. 1916ರ ಮಾರ್ಚಿನಲ್ಲಿ ಅವರ ವಿವಾಹವಾಯಿತು. ಆ ನಿಷೇಧ ಸರಿಯೋ ತಪ್ಪೋ ನಾವು ಹೇಳಲಾರೆವು. ಮರುವರ್ಷ ಹುಟ್ಟಿದ ಹಿರಿಯ ಮಗನಿಗೆ ಟೋಲ್ಕಿನ್ ಜಾನ್ ಫ್ರಾನ್ಸಿಸ್ ಎಂದು ಹೆಸರಿಟ್ಟರೆಂಬುದನ್ನು ಮಾತ್ರ ಹೇಳಬಲ್ಲೆವು.

ಮದುವೆಯಾದ ಕೆಲವೇ ತಿಂಗಳಲ್ಲಿ ಅವರು ಮೊದಲ ಮಹಾಯುದ್ಧದ ಸೋಮ್ ರಣಭೂಮಿಯಲ್ಲಿದ್ದರು. ಹೇನಿನಿಂದ ಹರಡುವ ಕಂದಕಜ್ವರ ಹಿಡಿದು ನವೆಂಬರಿನಲ್ಲಿ ಮರಳಿದರು. ಯುದ್ಧ ಮುಗಿಯುವ ಹೊತ್ತಿಗೆ ಅವರ ಆಪ್ತ ಗೆಳೆಯರಲ್ಲಿ ಒಬ್ಬರ ಹೊರತು ಉಳಿದವರೆಲ್ಲ ಮಡಿದಿದ್ದರು. ಕಂದಕಗಳಲ್ಲಿ ಅಧಿಕಾರಿಗಳ ಬೇಕುಬೇಡಗಳನ್ನು ನೋಡಿಕೊಳ್ಳುತ್ತಿದ್ದ ಸಾಮಾನ್ಯ ಸಿಪಾಯಿಗಳನ್ನು ಅವರು ಮರೆಯಲಿಲ್ಲ. ಮುಂದೆ ಅವರ ಕಥೆಯಲ್ಲಿ ಬರುವ ತೋಟಗಾರ ಸ್ಯಾಮ್ ಆ ಸಿಪಾಯಿಗಳ ನೆನಪಿನಿಂದ ಹುಟ್ಟಿದವನು.

1925ರಿಂದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿ, ನಾಲ್ವರು ಮಕ್ಕಳ ತಂದೆಯಾಗಿ ಅವರು ಬಾಳಿದರು. ಮಕ್ಕಳಿಗೆ ಹೇಳಿದ ಕಥೆಯೇ 1937ರಲ್ಲಿ ‘ದಿ ಹಾಬಿಟ್’ ಎಂಬ ಪುಸ್ತಕವಾಯಿತು. ಅದರ ಮುಂದುವರಿಕೆಯಾದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದಿತು. ಸಾವಿರ ಪುಟ ಮೀರುವ ಕೃತಿಯದು. ನಾವು ಮೊದಲ ಸಲ ಅರ್ಧಕ್ಕೇ ಕೈಬಿಟ್ಟವರು ಎಂಬುದನ್ನು ಮುಚ್ಚಿಡುವುದಿಲ್ಲ.

ಕಥೆಯಲ್ಲಿ ದೇವಾಲಯವಿಲ್ಲ, ಗುರುಗಳಿಲ್ಲ, ಯೇಸುಸ್ವಾಮಿಯ ಹೆಸರಿಲ್ಲ. ಆದರೂ 1953ರಲ್ಲಿ ಯೇಸುಸಭೆಯ ಸ್ನೇಹಿತರೊಬ್ಬರಿಗೆ ಬರೆದ ಪತ್ರದಲ್ಲಿ ಟೋಲ್ಕಿನ್ ಅದನ್ನು ಮೂಲತಃ ಕಥೋಲಿಕ ಕೃತಿಯೆಂದೇ ಕರೆದರು. ಅದ್ಭುತ ಕಥೆಗಳು ಮಕ್ಕಳನ್ನು ಕೆಡಿಸುತ್ತವೆಂದು ಅಂಜುವ ತಂದೆತಾಯಿಗಳು ಈ ಮಾತನ್ನು ಗಮನಿಸಬೇಕು. ಲೋಕವನ್ನೆಲ್ಲ ಆಳುವ ಶಕ್ತಿಯುಳ್ಳ ದುಷ್ಟ ಉಂಗುರವೊಂದನ್ನು ಫ್ರೋಡೊ ಎಂಬ ಪುಟ್ಟ ಜೀವಿ ಅಗ್ನಿಪರ್ವತಕ್ಕೆ ಒಯ್ದು ನಾಶಮಾಡಬೇಕು. ಬಲಶಾಲಿಯೂ ಜ್ಞಾನಿಯೂ ಆದ ಗ್ಯಾಂಡಾಲ್ಫನಿಗೆ ಆತ ಅದನ್ನು ನೀಡಲು ಬಂದಾಗ ಜ್ಞಾನಿ ಬೆಚ್ಚಿ ನಿರಾಕರಿಸುತ್ತಾನೆ. ಉಂಗುರ ಅವನನ್ನು ಸೆಳೆಯುವುದು ದುರಾಸೆಯ ದಾರಿಯಿಂದಲ್ಲ. ದುರ್ಬಲರ ಮೇಲಿನ ಕನಿಕರದಿಂದ, ಒಳಿತು ಮಾಡುವ ಬಯಕೆಯಿಂದಲೇ. ಪರರ ಒಳಿತಿಗಾಗಿ ಪರರ ಮೇಲೆ ಅಧಿಕಾರ ಬೇಡುವ ಆಸೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕಥೆಯನ್ನು ನಾವು ಬೇರೆಲ್ಲಿಯೂ ಓದಿಲ್ಲ.

ಇನ್ನು ಹುಡುಗ ಕೇಳಿದ ಗೊಲ್ಲಂ ಎಂಬ ಜೀವಿಯ ವಿಷಯ. ಒಮ್ಮೆ ಸಾಮಾನ್ಯನಾಗಿದ್ದ ಈತ ಉಂಗುರದ ಮೋಹಕ್ಕೆ ಬಿದ್ದು, ಕೊಲೆ ಮಾಡಿ, ಕತ್ತಲ ಗುಹೆ ಸೇರಿ ಕುಗ್ಗಿಹೋದವನು. ಫ್ರೋಡೊವಿನ ಬಂಧು ಬಿಲ್ಬೊ ಅವನನ್ನು ಕತ್ತಿಯಿಂದ ಇರಿಯಬಲ್ಲವನಾಗಿದ್ದೂ ಅವನ ದೈನ್ಯವನ್ನು ಕಂಡು ಉಳಿಸುತ್ತಾನೆ. ವಿಶೇಷವೆಂದರೆ, 1937ರ ಪುಸ್ತಕದಲ್ಲಿ ಈ ಘಟನೆ ಇರಲೇ ಇಲ್ಲ. ಅಲ್ಲಿ ಗೊಲ್ಲಂ ಒಗಟಿನ ಪಂದ್ಯದಲ್ಲಿ ಸೋತು ಸೌಮ್ಯವಾಗಿಯೇ ಬೀಳ್ಕೊಡುತ್ತಿದ್ದ. ದೊಡ್ಡ ಕಥೆ ಬೆಳೆದಂತೆ ಆ ಅಧ್ಯಾಯವನ್ನು ತಿದ್ದಿ ಬರೆದ ಟೋಲ್ಕಿನ್ 1947ರಲ್ಲಿ ಅದನ್ನು ಪ್ರಕಾಶಕರಿಗೆ ಮಾದರಿಯಾಗಿ ಕಳುಹಿಸಿದರು. 1951ರ ಮುದ್ರಣದಲ್ಲಿ ಅದು ಅಚ್ಚಾಯಿತು. ಇಡೀ ಕಥೆಯ ಆಧಾರಸ್ತಂಭವಾದ ಆ ಕರುಣೆಯು ಹದಿನಾಲ್ಕು ವರ್ಷ ತಡವಾಗಿ ಪುಸ್ತಕಕ್ಕೆ ಬಂದಿತು.

ಮುಂದೆ ಫ್ರೋಡೊ ಕೂಡ ಗೊಲ್ಲಂನನ್ನು ಕೊಲ್ಲದೆ ಜೊತೆಗೆ ಕರೆದೊಯ್ಯುತ್ತಾನೆ. ನಮ್ಮ ಪುಣ್ಯಕೋಟಿಯ ಕಥೆಯಲ್ಲಿ ಹಸುವಿನ ಸತ್ಯಕ್ಕೆ ಹುಲಿಯ ಎದೆ ಕರಗುವಂತೆ ಇವನ ಎದೆಯೂ ಕರಗುವ ಒಂದು ಗಳಿಗೆ ಬರುತ್ತದೆ. ಮಲಗಿದ ಫ್ರೋಡೊವಿನ ಮೊಣಕಾಲನ್ನು ಅವನು ಹಿಂಜರಿಯುತ್ತಾ ಮುಟ್ಟುತ್ತಾನೆ. ಆಗ ಎಚ್ಚೆತ್ತ ಸ್ಯಾಮ್, ನಿಷ್ಠಾವಂತ, ಒಳ್ಳೆಯ ಸ್ಯಾಮ್, ಅವನನ್ನು ಹೊಂಚುಗಾರನೆಂದು ಗದರುತ್ತಾನೆ. ಗಳಿಗೆ ಕಳೆದುಹೋಗುತ್ತದೆ, ಗೊಲ್ಲಂ ಮತ್ತೆ ಕಠಿಣನಾಗುತ್ತಾನೆ. ತಾವು ಬರೆದುದರಲ್ಲೆಲ್ಲ ಅತ್ಯಂತ ದುಃಖಕರವಾದ ಪ್ರಸಂಗಗಳಲ್ಲಿ ಟೋಲ್ಕಿನ್ ಇದನ್ನು ಎಣಿಸಿದ್ದರು.

ಕತ್ತಲಗೆರೆಯಲ್ಲಿ ಮರುದಿನ ಬೆಳಿಗ್ಗೆ ಆ ಮನುಷ್ಯ ಭತ್ತ ಒಯ್ಯಲು ಬಂದಾಗ, ಈ ಸಲವಾದರೂ ದಾರಿ ನೆನಪಿರಲಿ ಎಂಬಂತೆ ಒಂದು ಚುಚ್ಚುಮಾತನ್ನು ಆಡಿದವರು ನಾವೇ. ಆತ ಚೀಲವನ್ನು ಅಲ್ಲಿಯೇ ಬಿಟ್ಟು ತಲೆ ತಗ್ಗಿಸಿ ಹೊರಟುಹೋದ. ಹಿರಿಯರು ನಮ್ಮನ್ನು ಏನೂ ಅನ್ನಲಿಲ್ಲ. ಚೀಲವನ್ನು ಸೈಕಲ್ಲಿನ ಮೇಲಿರಿಸಿಕೊಂಡು, ತಳ್ಳುತ್ತಾ ಆತನ ಮನೆಯತ್ತ ನಡೆದರು.

ಕಥೆಯ ಕೊನೆಯಲ್ಲಿ ಫ್ರೋಡೊ ಸೋಲುತ್ತಾನೆ. ನಡೆಯಲಾರದ ಅವನನ್ನು ಸ್ಯಾಮ್ ಬೆನ್ನಮೇಲೆ ಹೊತ್ತು ಬೆಟ್ಟ ಏರಿಸಿದರೂ, ಬೆಂಕಿಯ ಅಂಚಿನಲ್ಲಿ ಉಂಗುರವನ್ನು ಎಸೆಯಲಾರದೆ ತನ್ನದೆಂದು ಸಾರುತ್ತಾನೆ. ಆಗ ಗೊಲ್ಲಂ ಬಂದು ಉಂಗುರವನ್ನು ಬೆರಳಿನೊಡನೆ ಕಚ್ಚಿ ಕಿತ್ತು, ಕಾಲುಜಾರಿ ಬೆಂಕಿಗೆ ಬೀಳುತ್ತಾನೆ. ಕೊಲ್ಲದೆ ಉಳಿಸಿದವನಿಂದಲೇ ಲೋಕ ಉಳಿಯುತ್ತದೆ. ಇದು ಲೆಕ್ಕಾಚಾರದ ಕರುಣೆಯಲ್ಲ. ಬಿಲ್ಬೊವಿಗಾಗಲಿ ಫ್ರೋಡೊವಿಗಾಗಲಿ ಹೀಗಾದೀತೆಂದು ತಿಳಿದಿರಲಿಲ್ಲ. 1956ರಲ್ಲಿ ಓದುಗರಿಗೆ ಬರೆದ ಪತ್ರಗಳಲ್ಲಿ ಟೋಲ್ಕಿನ್ ಈ ಮುಕ್ತಾಯವನ್ನು ಪ್ರಭುವು ಕಲಿಸಿದ ಪ್ರಾರ್ಥನೆಯ ಕೊನೆಯ ಬೇಡಿಕೆಗಳೊಡನೆ ಇಟ್ಟು ವಿವರಿಸಿದರು. ಉಂಗುರ ನಾಶವಾಗುವ ದಿನ ಮಾರ್ಚ್ 25, ನಾವು ಮಂಗಳವಾರ್ತೆಯ ಹಬ್ಬವನ್ನು ಆಚರಿಸುವ ದಿನ.

1966ರಲ್ಲಿ ಪ್ರಕಟವಾದ ಕಥೋಲಿಕ ಇಂಗ್ಲಿಷ್ ಬೈಬಲ್ ಆದ ‘ಜೆರೂಸಲೇಮ್ ಬೈಬಲ್’ಗಾಗಿ ಟೋಲ್ಕಿನ್ ಪ್ರವಾದಿ ಯೋನನ ಗ್ರಂಥದ ಅನುವಾದದಲ್ಲಿ ದುಡಿದರು. ಕ್ಷಮೆಗೆ ಅರ್ಹರಲ್ಲವೆಂದು ಯೋನನು ಎಣಿಸಿದ್ದ ನಿನೆವೆ ನಗರದ ಜನರನ್ನು ದೇವರು ಉಳಿಸಿದ್ದಕ್ಕೆ ಪ್ರವಾದಿ ಮುನಿದು ಕೂರುವ ಗ್ರಂಥವದು.

ಈಡಿತ್ 1971ರಲ್ಲಿ ನಿಧನರಾದರು. ಟೋಲ್ಕಿನ್ 1973ರ ಸೆಪ್ಟೆಂಬರ್ 2ರಂದು, ತಮ್ಮ 81ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಆಕ್ಸ್‌ಫರ್ಡಿನ ವುಲ್ವರ್‌ಕೋಟ್ ಸ್ಮಶಾನದಲ್ಲಿ ಪತ್ನಿಯೊಡನೆ ಒಂದೇ ಸಮಾಧಿಯಲ್ಲಿ ಅವರನ್ನು ಇರಿಸಲಾಯಿತು. ಅಂತ್ಯಕ್ರಿಯೆಯ ಬಲಿಪೂಜೆಯನ್ನು ಅರ್ಪಿಸಿದವರು, 1946ರಲ್ಲಿ ಗುರುದೀಕ್ಷೆ ಪಡೆದಿದ್ದ ಹಿರಿಯ ಮಗ ಫಾದರ್ ಜಾನ್ ಫ್ರಾನ್ಸಿಸ್.